ತುಳುಕಿ ಮತ್ತು ಮೆಳ್ಳೆಗಣ್ಣಿನ ಹುಳುಗಳು

ನನ್ನ ಅಕ್ಕನ ಮಗಳನ್ನು ಮನೆಯಲ್ಲಿ ಕರೆಯುವುದು ತುಳುಕಿ ಎಂದೇ. ಹೆಸರಿಟ್ಟವಳು ನಮ್ಮಮ್ಮ. ಮಗು ನಡೆಯಲು ಕಲಿತಾಗಿನಿಂದ ಅದರ ಕೈಗೆ ಲೋಟ ಕೊಟ್ಟರೆ ಅರ್ಧ ನೀರು ನೆಲಕ್ಕೆ, ಉಳಿದರ್ಧ ಅಂಗಿಗೆ. ಮೊದಮೊದಲು ತುಂಟತನ ಎಂದುಕೊಂಡೆವು. ಆಮೇಲೆ ವೈದ್ಯರು ಆ ಪುಟ್ಟ ಕೈಗಳನ್ನು ಮುಂದೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟು ನೋಡಿದರು. ಹಾಳೆ ಗಾಳಿಗೆ ಸಿಕ್ಕಂತೆ ಪಟಪಟ ಎಂದಿತು. ಇದು ಹುಟ್ಟಿನಿಂದ ಬಂದ ನಡುಕ, ಜೀವಕ್ಕೆ ಅಪಾಯವಿಲ್ಲ, ಆದರೆ ತಾನಾಗಿ ಹೋಗುವಂಥದ್ದೂ ಅಲ್ಲ ಎಂದು ಹೇಳಿ ಕಳಿಸಿದರು.

ಅಕ್ಕ ಬಟ್ಟೆ ಹೊಲಿಯುವವಳು. ಮಾತಾಡುತ್ತಾ ಮಾತಾಡುತ್ತಾ ಸೂಜಿಗೆ ನೋಡದೆಯೇ ದಾರ ಪೋಣಿಸಬಲ್ಲಳು. ಅವಳ ಹೊಟ್ಟೆಯಲ್ಲೇ ಹುಟ್ಟಿದ ಮಗಳಿಗೆ ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಒಂದು ಯುದ್ಧ. ಭಾವ ಲಿಫ್ಟ್ ರಿಪೇರಿಯವರು. ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳು ಅವರಿಗೆ ಮಕ್ಕಳಿದ್ದಂತೆ. ಯಾವುದಕ್ಕೆ ಕೆಮ್ಮು, ಯಾವುದಕ್ಕೆ ಮೊಂಡುತನ ಎಂದು ಹೇಳಬಲ್ಲರು. ಶಾಲೆಗೆ ರಜೆ ಬಂದಾಗ ತುಳುಕಿ ಅವರ ಹಿಂದೆಯೇ ಹೋಗುತ್ತಿದ್ದಳು. ನಾನೂ ಅದೇ ಮನೆಯಲ್ಲಿ ಇದ್ದವಳಾದ್ದರಿಂದ ಇದನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ. ಮುಂದೆ ಹೇಳುವುದರಲ್ಲಿ ನೋಡಿದ್ದು ಸ್ವಲ್ಪ, ಅವಳ ಬಾಯಿಂದ ಕೇಳಿದ್ದು ಬಹಳ.

ಅವಳು ಜೀವಶಾಸ್ತ್ರ ಓದಬೇಕೆಂದು ಹಟ ಹಿಡಿದಾಗ ನೆಂಟರಿಷ್ಟರು ಮೂಗು ಮುರಿದರು. ಕೈ ನಿಲ್ಲದವಳು ಕಪ್ಪೆ ಕೊಯ್ಯುವುದು ಹೇಗೆ ಎಂದು ಒಬ್ಬರು ಕೇಳಿಯೇಬಿಟ್ಟರು. ಕಾಲೇಜಿನಲ್ಲಿ ಎರಡು ವರ್ಷ ಹೇಗೋ ಕಳೆಯಿತು. ಮೂರನೆಯ ವರ್ಷ ಅಲ್ಲಿಯ ವಿದ್ಯಾರ್ಥಿಗಳು ತರಗತಿ ಬಿಟ್ಟು, ವರ್ಷಪೂರ್ತಿ ಯಾವುದಾದರೂ ಸಂಶೋಧನಾಲಯದಲ್ಲಿ ನೌಕರರಂತೆ ಕೆಲಸ ಮಾಡಿ ಬರಬೇಕು. ಜೊತೆಯವರು ಔಷಧ ಕಂಪನಿ, ಆಸ್ಪತ್ರೆಯ ಲ್ಯಾಬು ಎಂದು ಹಂಚಿಹೋದರು. ಇವಳನ್ನು ಎರಡು ಕಡೆ ನಯವಾಗಿ ಬೇಡವೆಂದರು. ಮೂರನೆಯದು ಚಪ್ಪಟೆ ಹುಳುಗಳ ಮೇಲೆ ಕೆಲಸ ಮಾಡುವ ಒಂದು ಸಣ್ಣ ತಂಡ.

ಆ ತಂಡವನ್ನು ನಡೆಸುತ್ತಿದ್ದ ಮೇಡಂ ಅಂಕಪಟ್ಟಿಯನ್ನು ಮಗುಚಿ ಪಕ್ಕಕ್ಕಿಟ್ಟು, ನಿನ್ನ ಕೈಲಿ ಆಗದ್ದು ಏನು ಎಂದು ಮೊದಲು ಕೇಳಿದರಂತೆ.

"ತುಂಬಿದ ಲೋಟ ಹಿಡ್ಕೊಂಡು ನಡೆಯೋಕೆ ಆಗಲ್ಲ ಮೇಡಂ," ಎಂದಳು ಇವಳು.

"ಇಲ್ಲಿ ಯಾರಿಗೂ ಯಾರೂ ಕಾಫಿ ತಂದ್ಕೊಡಲ್ಲ. ಸೋಮವಾರ ಬಾ."

ಹಾಗೆ ಕೆಲಸ ಸಿಕ್ಕಿತು. ಲ್ಯಾಬು ನಾಲ್ಕನೆಯ ಮಹಡಿಯಲ್ಲಿತ್ತು. ಉದ್ದನೆಯ ಒಂದು ಕೋಣೆ, ಕಿಟಕಿಗೆ ದಪ್ಪ ಪರದೆ, ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗಳು. ಡಬ್ಬಿಯೊಳಗೆ ಒಂದು ಬೆರಳು ನೀರು, ನೀರಿನ ತಳದಲ್ಲಿ ಉಗುರಿನಷ್ಟುದ್ದದ ಕಂದು ಹುಳುಗಳು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಾಣದ ತುದಿಯಂಥ ತಲೆ, ತಲೆಯ ಮೇಲೆ ಒಂದನ್ನೊಂದು ನೋಡಿಕೊಳ್ಳುವಂತಿರುವ ಎರಡು ಮೆಳ್ಳೆಗಣ್ಣು. ಈ ಹುಳುವನ್ನು ಅಡ್ಡಡ್ಡ ಎರಡು ತುಂಡು ಮಾಡಿದರೆ ಸಾಯುವುದಿಲ್ಲ. ತಲೆಯ ತುಂಡಿಗೆ ಬಾಲ ಬೆಳೆಯುತ್ತದೆ, ಬಾಲದ ತುಂಡಿಗೆ ತಲೆ ಬೆಳೆದು ಹೊಸ ಕಣ್ಣು ಮೂಡುತ್ತದೆ.

ಇದನ್ನು ಮನೆಯಲ್ಲಿ ಹೇಳಿದ ದಿನ ಊಟ ಅರ್ಧಕ್ಕೇ ನಿಂತಿತು. ಭಾವ ಇನ್ನೊಮ್ಮೆ ಹೇಳು ಎಂದರು. ಅಕ್ಕನಿಗೆ ನಂಬಿಕೆ ಬರಲಿಲ್ಲ. ನಮ್ಮಮ್ಮ ಮಾತ್ರ ಗಂಭೀರವಾಗಿ ಕೇಳಿದಳು, "ಹಾಗಾದ್ರೆ ಆಮೇಲೆ ಯಾವುದು ತಾಯಿ, ಯಾವುದು ಮಗಳು?"

ಮಾರನೆಯ ದಿನ ತುಳುಕಿ ಆ ಪ್ರಶ್ನೆಯನ್ನು ಲ್ಯಾಬಿನಲ್ಲಿ ಕೇಳಿದಾಗ ಮೇಡಂ, ನಿಮ್ಮಜ್ಜಿಯನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕಿತ್ತು ಎಂದರಂತೆ.

ತಂಡದಲ್ಲಿ ಇನ್ನಿಬ್ಬರು ಇದ್ದರು. ಒಬ್ಬ ಹಿರಿಯ ಸಂಶೋಧಕ, ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಇನ್ನೊಬ್ಬಳು ಅವನಷ್ಟೇ ವರ್ಷ ಅಲ್ಲಿದ್ದ ಕನ್ನಡಕದಕ್ಕ. ಕನ್ನಡಕವನ್ನು ಸದಾ ಹಣೆಯ ಮೇಲೆ ಏರಿಸಿಕೊಂಡು, ಅದನ್ನೇ ಮೇಜಿನಡಿ ಹುಡುಕುತ್ತಿದ್ದವಳು. ಇಬ್ಬರೂ ಒಳ್ಳೆಯವರೇ. ಆದರೆ ಒಂದು ವಿಷಯಕ್ಕೆ ಬಂದರೆ ಹಾವು ಮುಂಗುಸಿ. ಕತ್ತರಿಸಿದ ಹುಳುವನ್ನು ತುಸು ತಂಪು ನೀರಿನಲ್ಲಿಟ್ಟರೆ ಹೊಸ ಕಣ್ಣು ಮೂಡುವುದು ತಡವಾಗುತ್ತದೆಯೋ ಇಲ್ಲವೋ ಎಂಬುದು ಆ ವಿಷಯ. ಬಹಳ ತಡವಾಗುತ್ತದೆ ಎಂದು ಉದ್ದಣ್ಣನ ಲೆಕ್ಕ. ಏನೂ ವ್ಯತ್ಯಾಸವಿಲ್ಲ ಎಂದು ಕನ್ನಡಕದಕ್ಕನ ಲೆಕ್ಕ. ಅದೇ ಹುಳು, ಅದೇ ನೀರು, ಅದೇ ಕಪಾಟು. ಎರಡು ವರ್ಷದಿಂದ ತಂಡದ ಸಂಶೋಧನಾ ಲೇಖನ ಮುಂದೆ ಹೋಗದೆ ಕೂತಿತ್ತು.

ತುಳುಕಿಗೆ ಕತ್ತರಿಸುವುದನ್ನು ಕಲಿಸಿದವನು ಉದ್ದಣ್ಣ. ಮಂಜುಗಡ್ಡೆಯ ಮೇಲೆ ಒದ್ದೆ ಕಾಗದ ಹಾಸಿ, ಅದರ ಮೇಲೆ ಹುಳುವನ್ನು ಬಿಟ್ಟರೆ ಚಳಿಗೆ ಅದು ಅಲುಗಾಡುವುದನ್ನು ನಿಲ್ಲಿಸುತ್ತದೆ. ಆಗ ಮೈಕ್ರೋಸ್ಕೋಪಿನಡಿ ನೋಡುತ್ತಾ, ಸಣ್ಣ ಬ್ಲೇಡಿನಿಂದ ಒಂದೇ ಏಟಿಗೆ ಕೊಯ್ಯಬೇಕು. ಮೈಕ್ರೋಸ್ಕೋಪು ಹುಳುವನ್ನಷ್ಟೇ ಅಲ್ಲ, ಕೈಯ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಬ್ಲೇಡಿನ ತುದಿ ಅಲ್ಲಿ ಮರದ ಕೊಂಬೆಯಂತೆ ತೂಗಾಡುತ್ತಿತ್ತು. ತುಳುಕಿ ಉಸಿರು ಬಿಗಿಹಿಡಿದಳು, ಮೊಣಕೈಯನ್ನು ಮೇಜಿಗೆ ಒತ್ತಿದಳು, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಳು. ಏನು ಮಾಡಿದರೂ ತುಂಡುಗಳು ಸೊಟ್ಟಪಟ್ಟ. ಕೆಲವು ಹುಳುಗಳು ಜಜ್ಜಿಹೋದವು.

ಕೆಲವು ವಾರ ನೋಡಿ ಉದ್ದಣ್ಣ ಅವಳನ್ನು ಪಕ್ಕಕ್ಕೆ ಕರೆದ. ಬೈಯಲಿಲ್ಲ. ನೀನು ಫೋಟೋ ತೆಗೆಯುವುದು, ಕಣ್ಣು ಮೂಡಿತೇ ಇಲ್ಲವೇ ನೋಡುವುದು ಇಷ್ಟು ಮಾಡಿದರೆ ಸಾಕು, ಬ್ಲೇಡಿನ ಕೆಲಸ ನಾವು ನೋಡಿಕೊಳ್ಳುತ್ತೇವೆ ಎಂದ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳು ನನ್ನೆದುರು ಅತ್ತಳು. ಬಿಟ್ಟು ಬಂದುಬಿಡು ಎಂದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಮುಖ ತೊಳೆದು ಬಂದು, ಫೋಟೋ ಆದರೆ ಫೋಟೋ, ಅವರೆಲ್ಲ ಬೆರಗಾಗುವಂಥ ಫೋಟೋ ತೆಗೆಯುತ್ತೇನೆ ಎಂದಳು.

ತೆಗೆದಳು ಕೂಡ. ಕ್ಯಾಮೆರಾ ಕಂಬಿಗೆ ಬಿಗಿದಿರುತ್ತಿತ್ತು, ಗುಂಡಿಯನ್ನು ಕಾಲಿನಲ್ಲಿ ಒತ್ತಬಹುದಿತ್ತು. ನಡುಕಕ್ಕೆ ಅಲ್ಲಿ ಏನೂ ಕೆಲಸವಿರಲಿಲ್ಲ. ದಿನವಿಡೀ ಒಂದಾದ ಮೇಲೊಂದು ತುಂಡು ಅವಳ ಕಣ್ಣೆದುರು ಹಾದುಹೋಗುತ್ತಿತ್ತು. ಹಾಗೆ ನೋಡುತ್ತಾ ನೋಡುತ್ತಾ ಅವಳಿಗೆ ಒಂದು ಚಾಳಿ ಹತ್ತಿತು. ಡಬ್ಬಿಯ ಮೇಲಿನ ಹೆಸರು ಓದುವ ಮೊದಲೇ ಇದು ಉದ್ದಣ್ಣ ಕೊಯ್ದದ್ದು, ಇದು ಕನ್ನಡಕದಕ್ಕ ಕೊಯ್ದದ್ದು ಎಂದು ಹೇಳತೊಡಗಿದಳು. ಒಂದೂ ತಪ್ಪಲಿಲ್ಲ. ಎಡಗೈಯವನಾದ ಉದ್ದಣ್ಣ ಕೊಯ್ದ ಗೆರೆ ಯಾವಾಗಲೂ ಒಂದು ಕಡೆಗೆ ವಾಲಿರುತ್ತಿತ್ತು. ಕನ್ನಡಕದಕ್ಕನ ಗೆರೆ ನೇರ, ಆದರೆ ಅವನಿಗಿಂತ ತುಸು ಮುಂದೆ, ತಲೆಯ ಹತ್ತಿರ.

ವಾರದ ಸಭೆಯಲ್ಲಿ ಮತ್ತೆ ತಂಪು ನೀರಿನ ಜಗಳ ಶುರುವಾದಾಗ ತುಳುಕಿ ಬಾಯಿಬಿಟ್ಟಳು. ಜಗಳ ನೀರಿನದಲ್ಲ, ಗೆರೆಯದು ಎಂದಳು. ತಲೆಗೆ ಹತ್ತಿರ ಕೊಯ್ದಷ್ಟೂ ಕಣ್ಣು ಬೇಗ ಮೂಡುತ್ತದೆ, ಇಬ್ಬರೂ ಕೊಯ್ಯುವ ಜಾಗವೇ ಬೇರೆ ಇರುವಾಗ ಕಣ್ಣು ಮೂಡುವ ಹೊತ್ತು ಒಂದೇ ಆಗುವುದು ಹೇಗೆ ಎಂದು ಫೋಟೋಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಳು.

ಕನ್ನಡಕದಕ್ಕ ಕನ್ನಡಕ ಇಳಿಸಿ ನೋಡಿದಳು. ಉದ್ದಣ್ಣನ ಕಿವಿ ಕೆಂಪಾಯಿತು.

"ನಿನ್ನ ಕೈಲಿ ಒಂದು ನೆಟ್ಟಗೆ ಕೊಯ್ಯೋಕಾಗಲ್ಲ. ನಮ್ಮ ಕೈಗೆ ಅಳತೆಪಟ್ಟಿ ಹಿಡೀತೀಯಾ?"

ತುಳುಕಿ ಫೋಟೋಗಳನ್ನು ಅವನ ಕಡೆಗೆ ಸರಿಸಿ ಹೇಳಿದಳು. "ನೆಟ್ಟಗೆ ಆಗದೆ ಇರೋದಕ್ಕೇ ಅಣ್ಣ ನಾನು ಬೇರೆಯವರ ಗೆರೆ ಅಷ್ಟೊಂದು ನೋಡೋದು."

ಮೇಡಂ ಇಬ್ಬರ ಮುಖವನ್ನೂ ನೋಡಿ, ಅನಿಸಿದ್ದನ್ನು ಹೇಳಿದರೆ ಸಾಲದು, ಎಲ್ಲರ ಗೆರೆಯನ್ನೂ ಒಂದೇ ಮಾಡಿ ತೋರಿಸಬೇಕು ಎಂದು ಸಭೆ ಮುಗಿಸಿದರು. ಹೇಗೆ ಎಂದು ಮಾತ್ರ ಅವರು ಹೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಕೆಳಗೆ ಊಟಕ್ಕೆ ಹೋಗುವಾಗ ಲಿಫ್ಟಿನಲ್ಲಿ ನಿಂತಿದ್ದಾಗ ಅವಳಿಗೆ ಉಪಾಯ ಹೊಳೆಯಿತು. ಲಿಫ್ಟಿನ ಪೆಟ್ಟಿಗೆಯ ಎರಡೂ ಬದಿಗೆ ಮೇಲಿಂದ ಕೆಳಗಿನವರೆಗೆ ಕಬ್ಬಿಣದ ಕಂಬಿ ಇರುತ್ತದೆ. ಮೇಲೆ ಹಗ್ಗ ಎಷ್ಟೇ ಅದುರಲಿ, ಪೆಟ್ಟಿಗೆ ಆ ಕಂಬಿಗಳ ನಡುವೆಯೇ ಜಾರಬೇಕು. ಭಾವನ ಹಿಂದೆ ತಿರುಗುವಾಗ ಸಾವಿರ ಸಲ ನೋಡಿದ್ದ ಸಂಗತಿ. ತನ್ನ ಕೈ ಹಗ್ಗವಾದರೆ ಏನಾಯಿತು, ಬ್ಲೇಡು ಪೆಟ್ಟಿಗೆಯಾಗಲಿ ಎಂದುಕೊಂಡಳು. ಊಟ ಬಿಟ್ಟು ಅದೇ ಲಿಫ್ಟಿನಲ್ಲಿ ವಾಪಸು ಮೇಲೆ ಹೋದಳಂತೆ.

ಅಲ್ಲಿಂದ ಮುಂದೆ ನಮ್ಮ ಮನೆಯ ಅಡುಗೆಕೋಣೆ ಕಾರ್ಖಾನೆಯಾಯಿತು. ಚಿತ್ರ ಬರೆದವಳು ತುಳುಕಿ. ಗೆರೆಗಳು ನಡುಗಿದ್ದರೂ ಅಳತೆಗಳು ಖಚಿತ. ಅರದಿಂದ ಉಜ್ಜಿ ಎರಡು ಉಕ್ಕಿನ ಕಡ್ಡಿಗಳನ್ನು ನಯಗೊಳಿಸಿದವರು ಭಾವ. ಕಡ್ಡಿಗಳ ನಡುವೆ ಜಾರುವ ಪುಟ್ಟ ಪ್ಲಾಸ್ಟಿಕ್ ಅಚ್ಚಿಗೆ ಬ್ಲೇಡು ಕೂರಿಸಿದರು. ಅಪ್ಪ ಮಗಳು ತಲೆಗೆ ತಲೆ ತಾಗಿಸಿ ಕೂತು ವಾದಿಸುವುದನ್ನು ನೋಡಿ ಅಕ್ಕ, ಇವರಿಬ್ಬರನ್ನು ಕತ್ತರಿಸಿದರೂ ಎರಡು ಕಡೆಯಿಂದಲೂ ಇದೇ ಮಾತು ಬೆಳೆಯುತ್ತದೆ ಎಂದಳು.

ಮೊದಲನೆಯ ಯಂತ್ರ ಕೆಲಸ ಮಾಡಲಿಲ್ಲ. ಬ್ಲೇಡು ನೇರವಾಗಿ ಇಳಿಯುತ್ತಿತ್ತು, ಹುಳುವೇ ನೇರವಾಗಿ ಇರುತ್ತಿರಲಿಲ್ಲ. ಚಳಿಗೆ ಅದು ಮುದುಡಿ ಉಂಡೆಯಾಗಿಬಿಡುತ್ತಿತ್ತು. ಉಂಡೆಯ ಮೇಲೆ ಎಲ್ಲಿ ಕೊಯ್ದರೂ ಅಂದಾಜೇ. ಎರಡನೆಯದರಲ್ಲಿ ಕಡ್ಡಿ ಸಡಿಲಾಯಿತು. ಮೂರನೆಯದನ್ನು ಅವಳೇ ಕೈತಪ್ಪಿ ನೆಲಕ್ಕೆ ಬೀಳಿಸಿದಳು. ಉದ್ದಣ್ಣ ಇದನ್ನೆಲ್ಲ ನೋಡಿಯೂ ನೋಡದವನಂತೆ ಓಡಾಡುತ್ತಿದ್ದ.

ಬಗೆಹರಿದದ್ದು ಹುಳುಗಳ ಸ್ವಭಾವದಿಂದ. ಅವಕ್ಕೆ ಬೆಳಕು ಕಂಡರೆ ಆಗದು, ಕತ್ತಲಿದ್ದ ಕಡೆಗೆ ಹರಿದುಹೋಗುತ್ತವೆ. ಹರಿಯುವಾಗ ಮೈ ಪೂರ್ತಿ ಉದ್ದವಾಗಿ ಚಾಚಿಕೊಳ್ಳುತ್ತದೆ. ಹುಳುವನ್ನು ಹಿಡಿದು ನೆಟ್ಟಗೆ ಮಾಡುವುದು ಯಾಕೆ, ಅದೇ ನೆಟ್ಟಗಾಗುವಂತೆ ಮಾಡಿದರೆ ಸಾಲದೇ ಎಂದು ತುಳುಕಿಗೆ ಅನಿಸಿತು. ಗಾಜಿನ ತುಂಡಿನಲ್ಲಿ ಹುಳುವಿನಷ್ಟೇ ಅಗಲದ ಒಂದು ಸಣ್ಣ ಕಾಲುವೆ ಕೊರೆಸಿದಳು. ಒಂದು ತುದಿಗೆ ದೀಪ, ಇನ್ನೊಂದು ತುದಿಗೆ ಕಪ್ಪು ಮುಚ್ಚಳ. ಹುಳುವನ್ನು ದೀಪದ ಕಡೆ ಬಿಟ್ಟಳು. ಅದು ಮೆಳ್ಳೆಗಣ್ಣು ಮಿಟುಕಿಸಿದಂತೆ ಒಂದು ಕ್ಷಣ ನಿಂತು, ಆಮೇಲೆ ಕತ್ತಲೆಯ ಕಡೆಗೆ ಗೆರೆ ಎಳೆದಂತೆ ಹೊರಟಿತು. ತಲೆಯ ತುದಿ ಕಾಲುವೆಯ ಅಂಚಿನಲ್ಲಿ ಗೀರಿದ್ದ ಗುರುತನ್ನು ಮುಟ್ಟಿದ ಕೂಡಲೇ ನಡುಗುವ ಬೆರಳಿಂದ ಅಚ್ಚನ್ನು ಒತ್ತಿದಳು. ಬ್ಲೇಡು ಇಳಿಯಿತು. ಎರಡು ತುಂಡು, ನಡುವೆ ಕೂದಲೆಳೆಯಂಥ ನೇರ ಗೆರೆ. ಇನ್ನೊಂದು ಬಿಟ್ಟಳು. ಅದೂ ಹಾಗೇ. ಮತ್ತೊಂದು. ಅದೂ ಹಾಗೇ.

ಅವಳು ತಿರುಗಿ ನೋಡಿದಾಗ ಉದ್ದಣ್ಣ ಹಿಂದೆಯೇ ನಿಂತಿದ್ದ. ಎಷ್ಟು ಹೊತ್ತಿಂದ ನಿಂತಿದ್ದನೋ.

"ಸರಿ," ಎಂದ ಅವನು. "ಜಾಗ ಬಿಡು. ನಾನೂ ನೋಡ್ತೀನಿ."

ಅವನ ಎಡಗೈಯಲ್ಲೂ ಗೆರೆ ನೇರವಾಗಿಯೇ ಬಂತು.

ಆಮೇಲೆ ಮೇಡಂ ನಿಜವಾದ ಪರೀಕ್ಷೆ ಏರ್ಪಡಿಸಿದರು. ಉದ್ದಣ್ಣ, ಕನ್ನಡಕದಕ್ಕ, ತುಳುಕಿ ಮೂವರೂ ಅದೇ ಯಂತ್ರದಿಂದ ಹುಳುಗಳನ್ನು ಕೊಯ್ಯಬೇಕು. ಅರ್ಧ ತುಂಡುಗಳು ತಂಪು ನೀರಿಗೆ, ಅರ್ಧ ಮಾಮೂಲಿ ನೀರಿಗೆ. ಡಬ್ಬಿಗಳ ಮೇಲೆ ಹೆಸರಿನ ಬದಲು ಗುರುತಿನ ಚಿಹ್ನೆ ಬರೆಯುವವರು ಕೆಳಗಿನ ಮಹಡಿಯ ಲ್ಯಾಬಿನವರು. ಯಾವುದು ಯಾರದು ಎಂದು ಕೊನೆಯವರೆಗೆ ಇವರಾರಿಗೂ ಗೊತ್ತಾಗಬಾರದು. ಕಣ್ಣು ಮೂಡುವವರೆಗೆ ಕಾಯುವ ಆ ದಿನಗಳಲ್ಲಿ ನಮ್ಮಮ್ಮ ಬೆಳಗಾದರೆ, "ಕಣ್ಣು ಬಿಟ್ವಾ?" ಎಂದು ಕೇಳುತ್ತಿದ್ದಳು, ಯಾರದೋ ಮನೆಯ ಬಾಣಂತಿಯನ್ನು ವಿಚಾರಿಸಿದಂತೆ.

ಕೊನೆಗೆ ಚಿಹ್ನೆಗಳನ್ನು ಬಿಡಿಸಿ ಮೂವರ ಅಂಕಿಗಳನ್ನೂ ಒಂದೇ ಪರದೆಯ ಮೇಲೆ ಹಾಕಿದರು. ತಂಪು ನೀರಿಗೆ ಮೂರು ಬಣ್ಣದ ಮೂರು ಗೆರೆ, ಮಾಮೂಲಿ ನೀರಿಗೆ ಮೂರು ಬರಬೇಕಿತ್ತು. ಬಂದದ್ದು ಎರಡು ಕಡೆಯೂ ಒಂದರ ಮೇಲೊಂದು ಕೂತು ಒಂದೇ ಎಂಬಂತೆ ಕಾಣುವ ಗೆರೆ. ಯಾರ ಕೈ ಎಂಬುದು ಅಳಿಸಿಹೋಗಿ ಹುಳುವಿನ ಮಾತು ಮಾತ್ರ ಉಳಿದಿತ್ತು. ತಂಪು ನೀರಿನಲ್ಲಿ ಕಣ್ಣು ತಡವಾಗಿ ಮೂಡುವುದು ನಿಜ, ಆದರೆ ಉದ್ದಣ್ಣ ಹೇಳುತ್ತಿದ್ದಷ್ಟು ತಡವಲ್ಲ. ಇಬ್ಬರೂ ಅರ್ಧರ್ಧ ಗೆದ್ದರು, ಅರ್ಧರ್ಧ ಸೋತರು. ಕನ್ನಡಕದಕ್ಕ ಜೋರಾಗಿ ನಕ್ಕುಬಿಟ್ಟಳು. ಎರಡು ವರ್ಷ ನಾವಿಬ್ಬರೂ ನಮ್ಮ ನಮ್ಮ ಕೈಯನ್ನೇ ಅಳೆದಿದ್ದೇವೆ ಎಂದು ಉದ್ದಣ್ಣನ ಬೆನ್ನಿಗೆ ಗುದ್ದಿದಳು. ಉದ್ದಣ್ಣ ನೇರವಾಗಿ ತುಳುಕಿಯ ಬಳಿ ಬಂದು, ಆ ದಿನ ಸಭೆಯಲ್ಲಿ ಆಡಿದ ಮಾತು ತಪ್ಪು ಎಂದು ಎಲ್ಲರೆದುರಿಗೆ ಹೇಳಿದ. ಅವನು ಅಷ್ಟು ಎತ್ತರದಿಂದ ತಲೆ ಬಾಗಿಸಿದ್ದನ್ನು ನೋಡಿ ತನಗೇ ಮುಜುಗರವಾಯಿತು ಎನ್ನುತ್ತಾಳೆ ಅವಳು.

ವರ್ಷದ ಕೊನೆಗೆ ಬೇರೆ ಬೇರೆ ಊರುಗಳ ಸಂಶೋಧಕರು ಸೇರುವ ದೊಡ್ಡ ಸಮ್ಮೇಳನ ನಮ್ಮೂರಲ್ಲೇ ನಡೆಯಿತು. ತಂಡದ ಕೆಲಸವನ್ನು ಹೇಳಬೇಕಾದವಳು ತುಳುಕಿಯೇ ಎಂದು ಮೇಡಂ ತೀರ್ಮಾನಿಸಿದರು. ಹುಳುವನ್ನು ವೇದಿಕೆಯ ಮೇಲೇ ಕೊಯ್ದು ತೋರಿಸುತ್ತೇನೆ ಎಂದವಳು ಮಾತ್ರ ತುಳುಕಿ. ಮನೆಯವರಿಗೂ ಒಳಗೆ ಕೂರಲು ಅವಕಾಶವಿತ್ತು. ನಾವು ನಾಲ್ವರೂ ಹೋಗಿ ಕೊನೆಯ ಸಾಲಿನಲ್ಲಿ ಕೂತೆವು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅಕ್ಕ ದಾರಿಯುದ್ದಕ್ಕೂ ಒಂದೇ ಮಾತು, ಇವಳು ಇದನ್ನು ವಿಡಿಯೋದಲ್ಲಿ ತೋರಿಸಿದ್ದರೆ ಆಗುತ್ತಿರಲಿಲ್ಲವೇ ಎಂದು.

ದೀಪಗಳು ಮಂದವಾದವು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಯಂತ್ರ ಮೂಡಿತು. ಆಮೇಲೆ ಅವಳ ಕೈಗಳು ಬಂದವು. ಒಂದೊಂದು ಬೆರಳೂ ಒಂದಾಳು ಎತ್ತರ. ಆ ಬೆರಳುಗಳು ನಡುಗುತ್ತಿದ್ದವು. ಮಾಮೂಲಿ ದಿನಕ್ಕಿಂತ ಹೆಚ್ಚೇ ನಡುಗುತ್ತಿದ್ದವು. ಮುಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಅಕ್ಕ ನನ್ನ ಮಣಿಕಟ್ಟನ್ನು ಬಳೆ ಒತ್ತಿಹೋಗುವಂತೆ ಹಿಡಿದಳು. ತುಳುಕಿ ಕೈ ಮರೆಸಲಿಲ್ಲ, ಕ್ಯಾಮೆರಾ ತಿರುಗಿಸಲಿಲ್ಲ. ಮೈಕಿನಲ್ಲಿ ನಿಧಾನವಾಗಿ ಹೇಳಿದಳು.

"ನೀವು ನೋಡ್ತಿರೋದು ಕ್ಯಾಮೆರಾದ ದೋಷ ಅಲ್ಲ, ನನ್ನ ಕೈ ಇರೋದೇ ಹೀಗೆ. ಈಗ ಗೆರೆ ನೋಡಿ."

ಹುಳು ಬೆಳಕಿನಿಂದ ಹೊರಟು, ಮೈ ಚಾಚಿಕೊಂಡು, ಕಾಲುವೆಯಲ್ಲಿ ಹರಿಯಿತು. ನಡುಗುವ ಬೆರಳು ಅಚ್ಚನ್ನು ಮುಟ್ಟಿತು. ಬ್ಲೇಡು ಒಂದಿಷ್ಟೂ ಅಲುಗದೆ ಇಳಿಯಿತು. ಪರದೆಯ ಮೇಲೆ ಹುಳು ಎರಡಾಯಿತು. ನಡುವಿನ ಗೆರೆ ಅಕ್ಕನ ಕತ್ತರಿಗೂ ಬಾರದಷ್ಟು ನೇರ. ಆಮೇಲೆ ಚಪ್ಪಾಳೆ ಶುರುವಾಯಿತು. ಮುಂದಿನಿಂದ ಹಿಂದಕ್ಕೆ ಬಂದು ನಮ್ಮನ್ನೂ ದಾಟಿತು. ಬಾಗಿಲ ಬಳಿ ನಿಂತಿದ್ದವರೂ ತಟ್ಟುತ್ತಿದ್ದರು. ಭಾವ ಎದ್ದು ನಿಂತಿದ್ದರು. ತಾವು ಎದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ.

ಪ್ರಶ್ನೆಗಳ ಸಮಯದಲ್ಲಿ ಬಿಳಿಗೂದಲಿನ ವಿಜ್ಞಾನಿಯೊಬ್ಬರು ಎದ್ದು, ತಮಗೂ ವಯಸ್ಸಿನಿಂದ ಕೈ ನಡುಗುತ್ತದೆ, ಬ್ಲೇಡು ಹಿಡಿಯುವುದನ್ನು ಬಿಟ್ಟು ಬಹಳ ಕಾಲವಾಯಿತು, ಒಮ್ಮೆ ಪ್ರಯತ್ನಿಸಬಹುದೇ ಎಂದು ಕೇಳಿದರು. ತುಳುಕಿ ಅವರನ್ನು ವೇದಿಕೆಗೆ ಕರೆದು, ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅವರು ಒಂದು ಹುಳುವನ್ನು ಕೊಯ್ದರು. ಪರದೆಯನ್ನು ನೋಡಿದರು. ಇನ್ನೊಂದನ್ನು ಕೊಡು ಎಂದರು. ಸಭೆಯ ಅಧ್ಯಕ್ಷರು ಸಮಯವಾಯಿತು ಎಂದು ಎರಡು ಸಲ ಹೇಳಿದರೂ ಏಳಲಿಲ್ಲ.

ಲೇಖನ ಅಚ್ಚಾದಾಗ ಮೊದಲ ಹೆಸರು ಅವಳದೇ ಇತ್ತು. ಮೊದಲಿಗೆ ಆ ಜಾಗ ಉದ್ದಣ್ಣನದಾಗಿತ್ತು, ಅವನೇ ಪಟ್ಟು ಹಿಡಿದು ಬದಲಾಯಿಸಿದ. ಕೃತಜ್ಞತೆಯ ಸಾಲಿನಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್ಕಿನ ಹೆಸರೂ ಇದೆ. ಓದು ಮುಗಿಸಿ ಬಂದರೆ ಜಾಗ ಕಾದಿರುತ್ತದೆ ಎಂದು ಮೇಡಂ ಮಾತು ಕೊಟ್ಟಿದ್ದಾರೆ. ಬೇರೆ ಲ್ಯಾಬುಗಳಿಂದ ಯಂತ್ರ ಬೇಕೆಂಬ ಬೇಡಿಕೆ ಬರತೊಡಗಿ, ಭಾವ ಭಾನುವಾರಗಳಲ್ಲಿ ಅರ ಹಿಡಿದು ಕೂರುತ್ತಾರೆ. ತುಳುಕಿ ಎದುರು ಕೂತು ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ಪರೀಕ್ಷಿಸುತ್ತಾಳೆ. ಮೊನ್ನೆ ಭಾವ ತುಂಬ ಮುತುವರ್ಜಿಯಿಂದ ಮಾಡಿ ಮುಗಿಸಿದ ಒಂದನ್ನು ಅವಳು ಬೆಳಕಿಗೆ ಹಿಡಿದು ನೋಡಿ, ತಲೆಯಾಡಿಸಿ, ಪಕ್ಕಕ್ಕಿಟ್ಟಳು.

"ಇದು ವಾಲಿದೆ ಅಪ್ಪ. ಇನ್ನೊಂದ್ಸಲ ಉಜ್ಜಿ."

ಭಾವ ಕನ್ನಡಕ ಸರಿಮಾಡಿಕೊಂಡು, ಆಗಲಿ ಮೇಡಂ ಎಂದು ಅದನ್ನು ಮತ್ತೆ ಕೈಗೆತ್ತಿಕೊಂಡರು.